ಬಂಕಾಪುರ ಕೋಟೆಗೆ ಶ್ರಮದಾನಕ್ಕೆ ಹೊರಟಿದ್ದೀರಾ?

ಜೂನ್ 5 ಹತ್ತಿರ ಬಂತೆಂದರೆ ಎನ್‌ಎಸ್‌ಎಸ್ ಘಟಕ, ಯುವಕ ಸಂಘ, ಮಹಿಳಾ ಸಂಘಗಳಿಗೆಲ್ಲ ಪರಿಸರದ ನೆನಪಾಗುತ್ತದೆ. ಶಿಗ್ಗಾಂವಿ, ಸವಣೂರು, ಹಾನಗಲ್ ಕಡೆಯವರಿಗೆ ‘ಹತ್ತಿರದಲ್ಲೇ ಏನಾದರೂ ಮಾಡೋಣ’ ಎಂದ ಕೂಡಲೇ ಹೊಳೆಯುವ ಜಾಗ ಬಂಕಾಪುರದ ನವಿಲುಧಾಮ. ಬ್ಯಾನರ್ ಬರೆಸುತ್ತಾರೆ, ಸಸಿ ತರಿಸುತ್ತಾರೆ, ಮನೆಮನೆಯಿಂದ ಕುಡುಗೋಲು ಗುದ್ದಲಿ ಹೊರಬೀಳುತ್ತವೆ. ಅಷ್ಟರಲ್ಲಿ ಕೋಟೆಯ ಕಂದಕದೊಳಗೆ ಹೆಣ್ಣು ನವಿಲು ಮೊಟ್ಟೆಯಿಡಲು ಪೊದೆ ಹುಡುಕಲು ಶುರುಮಾಡಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ನಾವು ‘ಸ್ವಚ್ಛವಾಯಿತು’ ಎಂದು ಫೋಟೊ ತೆಗೆಸಿಕೊಳ್ಳುವ ಜಾಗವೇ ಅದು ಆರಿಸಿಕೊಂಡ ಜಾಗವಾಗಿದ್ದರೆ ನಮ್ಮ ಬೆವರು ಯಾರಿಗೆ ಉಪಕಾರ ಮಾಡಿತು?

ಶ್ರಮದಾನ ಬೇಡ ಎನ್ನುವುದಕ್ಕೆ ಈ ಲೇಖನ ಬರೆದದ್ದಲ್ಲ. ಕೈಗಳು ಬೇಕು, ಬಹಳ ಬೇಕು. ಆದರೆ ಯಾವ ತಿಂಗಳು ಯಾವ ಕೆಲಸ ಎಂಬುದು ಗೊತ್ತಿಲ್ಲದೆ ಹೋದ ಐವತ್ತು ಜನರಿಗಿಂತ, ಗೊತ್ತಿದ್ದು ತಿಂಗಳಿಗೊಮ್ಮೆ ಹೋಗುವ ಎಂಟು ಜನ ಮೇಲು.

ಮೊದಲು ಜಾಗದ ಬಗ್ಗೆ ಎರಡು ಮಾತು

ರಾಷ್ಟ್ರಕೂಟ ಅಮೋಘವರ್ಷನ ಸಾಮಂತ ಬಂಕೆಯನ ಹೆಸರು ಹೊತ್ತ ಊರು ಬಂಕಾಪುರ. ಇಲ್ಲಿನ ಕೋಟೆಯ 139 ಎಕರೆ ಪ್ರದೇಶ 2006ರ ಜೂನ್ 9ರಂದು ನವಿಲು ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. ನಗರೇಶ್ವರ ದೇವಾಲಯ, ಅಂದರೆ ಜನರ ಬಾಯಲ್ಲಿ ಅರವತ್ತು ಕಂಬದ ಗುಡಿ ಇರುವುದೂ ಈ ಕೋಟೆಯೊಳಗೆ. ಪಶುಸಂಗೋಪನಾ ಇಲಾಖೆಯ ಖಿಲಾರಿ ತಳಿ ಸಂವರ್ಧನಾ ಕೇಂದ್ರವೂ ಇಲ್ಲೇ ಇದೆ. ಹೀಗೆ ಒಂದೇ ಕೋಟೆಯಲ್ಲಿ ಕಾಡು, ಸ್ಮಾರಕ, ದನದ ಮೇವಿನ ಹೊಲ ಮೂರೂ ಒಟ್ಟಿಗಿವೆ. ಇದನ್ನು ಮರೆತು ಹೋದವರು ಮೊದಲ ದಿನವೇ ಯಾರದಾದರೂ ಆಕ್ಷೇಪಣೆ ಎದುರಿಸಬೇಕಾಗುತ್ತದೆ.

ನವಿಲು ಇಲ್ಲೇ ಏಕೆ ನಿಂತಿತು?

ನವಿಲಿಗೆ ದಟ್ಟ ಕಾಡು ಬೇಕಿಲ್ಲ. ಅದಕ್ಕೆ ಬೇಕಾದದ್ದು ನಾಲ್ಕು: ಕೆದಕಿ ತಿನ್ನಲು ಬಯಲು, ಅಡಗಲು ಮುಳ್ಳಿನ ಪೊದೆ, ರಾತ್ರಿ ಕೂರಲು ಎತ್ತರದ ಮರ, ಕುಡಿಯಲು ನೀರು. ನಾಲ್ಕೂ ನಡೆದು ಹೋಗುವಷ್ಟು ದೂರದಲ್ಲಿರಬೇಕು. ಬಂಕಾಪುರದಲ್ಲಿ ಮೇವಿನ ಹೊಲ ಬಯಲಾಗಿ ಒದಗಿದೆ. ಕಂದಕದ ತಳದಲ್ಲಿ ತೇವ ನಿಲ್ಲುತ್ತದೆ, ಗಾಳಿ ಬಿಸಿಲಿನ ಹೊಡೆತ ಕಡಿಮೆ. ಹಾಗಾಗಿ ಅಲ್ಲಿ ಮರವೂ ಪೊದೆಯೂ ಒತ್ತಾಗಿ ಬೆಳೆದಿವೆ. ಜನ ಸುಲಭವಾಗಿ ಇಳಿಯಲಾರದ ಜಾಗ ಅದು. ವೈರಿಯನ್ನು ತಡೆಯಲು ತೋಡಿದ ಕಂದಕವೇ ಇಂದು ಹಕ್ಕಿಯ ತವರು.

ಹೆಣ್ಣು ನವಿಲು ಗೂಡು ಕಟ್ಟುವುದಿಲ್ಲ. ಪೊದೆಯ ಬುಡದ ನೆಲವನ್ನು ಸ್ವಲ್ಪ ಕೆದಕಿ, ಒಣ ಎಲೆ ಹರಡಿ, ಸಾಮಾನ್ಯವಾಗಿ ನಾಲ್ಕರಿಂದ ಆರು ಮೊಟ್ಟೆ ಇಡುತ್ತದೆ. ಸುಮಾರು 28 ದಿನ ಕಾವು ಕೂರುತ್ತದೆ, ಅದೂ ಒಂಟಿಯಾಗಿ. ಗಂಡು ಕುಣಿದು ಹೋಗುತ್ತದೆ ಅಷ್ಟೆ, ಸಂಸಾರಕ್ಕಿಲ್ಲ. ಮೊಟ್ಟೆಯೊಡೆದು ಬಂದ ಮರಿಗಳು ಹಾರಲು ಬಲಿಯುವವರೆಗೆ ತಾಯಿಯ ಹಿಂದೆ ಪೊದೆಯಿಂದ ಪೊದೆಗೆ ಓಡಾಡುತ್ತವೆ. ನೆಲದ ಮೇಲಿನ ಮೊಟ್ಟೆಗೆ ಪೊದೆಯೊಂದೇ ರಕ್ಷಣೆ. ನಮ್ಮ ಕಣ್ಣಿಗೆ ಕಸದಂತೆ ಕಾಣುವ ಮುಳ್ಳುಗಂಟಿ ನವಿಲಿಗೆ ಬಾಗಿಲು ಹಾಕಿದ ಮನೆ. ಮುಂದೆ ಹೇಳುವ ಎಲ್ಲ ‘ಮಾಡಿ’, ‘ಬೇಡ’ಗಳ ಕಾರಣ ಇದರಲ್ಲಿದೆ.

ಅನುಮತಿ: ಕಾನೂನು ಏನೆನ್ನುತ್ತದೆ?

ಸಂರಕ್ಷಣಾ ಮೀಸಲು ಎಂಬುದು ಅಭಯಾರಣ್ಯಕ್ಕಿಂತ ಬೇರೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ತಂದು ಸೇರಿಸಿದ 36ಎ ಕಲಮಿನಡಿ, ಸ್ಥಳೀಯರೊಂದಿಗೆ ಸಮಾಲೋಚಿಸಿ, ಸರ್ಕಾರಿ ಜಮೀನಿನಲ್ಲಿ ಇಂಥ ಮೀಸಲು ಘೋಷಿಸುತ್ತಾರೆ. ಜನರ ಹಕ್ಕುಗಳು ಇಲ್ಲಿ ಹೆಚ್ಚು ಉಳಿಯುತ್ತವೆ. ಹಾಗೆಂದು ಏನು ಮಾಡಿದರೂ ನಡೆಯುತ್ತದೆ ಎಂದಲ್ಲ. ಪ್ರಾಣಿಗಳನ್ನು ಕೆಣಕುವುದು, ಕಸ ಚೆಲ್ಲುವುದು, ಬೆಂಕಿ ಹಚ್ಚುವುದು, ವನ್ಯಜೀವಿಗೆ ಅಪಾಯ ತರುವ ರಾಸಾಯನಿಕ ಬಳಸುವುದು ಅಭಯಾರಣ್ಯದಲ್ಲಿ ನಿಷಿದ್ಧವಾಗಿರುವಂತೆ ಇಲ್ಲೂ ನಿಷಿದ್ಧ. ‘ಒಂದು ಪಂಪು ಕಳೆನಾಶಕ ಹೊಡೆದರೆ ಅರ್ಧ ದಿನದ ಕೆಲಸ ಉಳಿಯುತ್ತದೆ’ ಎಂಬ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ನಯವಾಗಿ ಬೇಡವೆನ್ನಿ.

ಓದುಗರು ಗಮನಿಸಬೇಕಾದ ಇನ್ನೊಂದು ಕಲಂ 36ಬಿ. ಮೀಸಲು ಪ್ರದೇಶದ ನಿರ್ವಹಣೆಗೆ ಸಲಹೆ ಕೊಡಲು ಒಂದು ಸಮಿತಿ ಇರಬೇಕು. ಅದರಲ್ಲಿ ಅರಣ್ಯ ಇಲಾಖೆಯ ಪ್ರತಿನಿಧಿ, ಆ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬರು, ವನ್ಯಜೀವಿ ಸಂರಕ್ಷಣೆಯಲ್ಲಿ ತೊಡಗಿದ ಸಂಘಸಂಸ್ಥೆಗಳ ಮೂವರು, ಕೃಷಿ ಮತ್ತು ಪಶುಸಂಗೋಪನಾ ಇಲಾಖೆಗಳಿಂದ ಒಬ್ಬೊಬ್ಬರು ಇರಬೇಕು ಎನ್ನುತ್ತದೆ ಕಾಯ್ದೆ. ಅಂದರೆ ಸ್ವಯಂಸೇವಕರಿಗೆ ಕಸ ಹೆಕ್ಕುವ ಕೆಲಸವಷ್ಟೇ ಅಲ್ಲ, ಮಾತಾಡುವ ಕುರ್ಚಿಯನ್ನೂ ಕಾನೂನು ಹಾಕಿಟ್ಟಿದೆ. ಒಂದೆರಡು ವರ್ಷ ನಿಷ್ಠೆಯಿಂದ ಕೆಲಸ ಮಾಡಿದ ತಂಡ ಆ ಕುರ್ಚಿಯನ್ನು ಕೇಳಬಹುದು.

ಹೋಗುವ ಕ್ರಮ ಹೀಗಿರಲಿ:

1. ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಕನಿಷ್ಠ ಹದಿನೈದು ದಿನ ಮೊದಲು ಬರವಣಿಗೆಯಲ್ಲಿ ಅರ್ಜಿ ಕೊಡಿ. ಎಷ್ಟು ಜನ, ಯಾವ ದಿನ, ಯಾವ ಸಮಯ, ಯಾವ ಕೆಲಸ, ಯಾವ ಸಲಕರಣೆ, ಹೊಣೆ ಯಾರದು ಎಂಬುದು ಅದರಲ್ಲಿರಲಿ.

2. ‘ನಾವು ಇದನ್ನು ಮಾಡುತ್ತೇವೆ’ ಎನ್ನುವ ಬದಲು ‘ಈ ತಿಂಗಳು ಯಾವ ಕೆಲಸ ಆಗಬೇಕಿದೆ?’ ಎಂದು ಕೇಳಿ. ಗಸ್ತು ತಿರುಗುವ ಗಾರ್ಡ್‌ಗೆ ಗೊತ್ತಿರುವಷ್ಟು ಕಚೇರಿಯ ಕಡತಕ್ಕೆ ಗೊತ್ತಿರುವುದಿಲ್ಲ. ಅವರನ್ನು ಮೊದಲು ಮಾತಾಡಿಸಿ.

3. ಮೇವಿನ ಹೊಲದ ಪಕ್ಕ ಕೆಲಸವಿದ್ದರೆ ತಳಿ ಕೇಂದ್ರದವರಿಗೂ ತಿಳಿಸಿ.

4. ಗುಡಿ ಮತ್ತು ಕೋಟೆಗೋಡೆಯ ಹತ್ತಿರ ನೆಲ ಅಗೆಯಬೇಡಿ. ಸ್ಮಾರಕದ ಸುತ್ತ ಅಗೆಯುವ ವಿಷಯ ಪುರಾತತ್ವ ಇಲಾಖೆಗೆ ಸೇರಿದ್ದು. ಗೋಡೆಯ ಸಂದಿಯಲ್ಲಿ ಬೆಳೆದ ಅರಳಿ, ಆಲದ ಸಸಿಯನ್ನು ಕಂಡು ಕೈ ತುರಿಸಿದರೂ ಎಳೆಯಬೇಡಿ. ಬೇರಿನ ಜೊತೆ ಕಲ್ಲೂ ಬರುತ್ತದೆ.

ಪಂಚಾಂಗ ನೋಡಿ ಕೆಲಸ ಹಂಚಿ

ಇಲ್ಲೊಂದು ತೊಡಕಿದೆ. ಕಳೆ ಕೀಳಲು ಮಳೆಗಾಲದಷ್ಟು ಒಳ್ಳೆಯ ಕಾಲ ಇನ್ನೊಂದಿಲ್ಲ. ಮಣ್ಣು ಮೆತ್ತಗಿರುತ್ತದೆ, ಬೇರು ಸಮೇತ ಬರುತ್ತದೆ. ಆದರೆ ನವಿಲು ಮೊಟ್ಟೆಯಿಡುವುದೂ ಮಳೆಗಾಲದಲ್ಲೇ. ಆದ್ದರಿಂದ ಕಳೆಯನ್ನೇ ಎರಡು ಭಾಗ ಮಾಡಿಕೊಳ್ಳಬೇಕು: ಬಯಲಿನ ಕಳೆ, ಪೊದೆಯ ಕಳೆ.

ಮುಂಗಾರಿನ ಮೊದಲ ಮಳೆಯಿಂದ ನವರಾತ್ರಿ ಮುಗಿಯುವವರೆಗೆ ಪೊದೆಗೆ ಕೈ ಹಚ್ಚುವುದೇ ಬೇಡ, ಕಂದಕಕ್ಕೆ ಇಳಿಯುವುದೂ ಬೇಡ. ಈ ಅವಧಿಯಲ್ಲಿ ದಾರಿಬದಿ, ಗೇಟಿನ ಸುತ್ತ, ಬಯಲಿನಲ್ಲಿ ಪಾರ್ಥೇನಿಯಂ ಕೀಳಿ. ದೀಪಾವಳಿಯಿಂದ ಸಂಕ್ರಮಣದವರೆಗೆ ಪೊದೆಯ ಕೆಲಸ. ಆ ಹೊತ್ತಿಗೆ ಮರಿಗಳು ದೊಡ್ಡವಾಗಿರುತ್ತವೆ, ಮಣ್ಣಿನಲ್ಲಿ ಹಿಂಗಾರಿನ ತೇವ ಇನ್ನೂ ಸ್ವಲ್ಪ ಉಳಿದಿರುತ್ತದೆ. ಸಂಕ್ರಮಣ ಕಳೆದ ಮೇಲೆ ನೀರು ಮತ್ತು ಬೆಂಕಿಯ ಕಾವಲು. ಎಣಿಕೆ, ಪ್ಲಾಸ್ಟಿಕ್ ಹೆಕ್ಕುವುದು ವರ್ಷವಿಡೀ.

ಲಂಟಾನ: ಕಡಿದರೆ ಬೆಳೆಯುತ್ತದೆ

ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಹೂದೋಟದ ಚೆಂದಕ್ಕೆಂದು ದೇಶಕ್ಕೆ ತಂದ ಗಿಡ ಲಂಟಾನ. ಇಂದು ನಮ್ಮ ಕುರುಚಲು ಕಾಡುಗಳ ದೊಡ್ಡ ತಲೆನೋವು. ಸ್ವಯಂಸೇವಕರು ಸಾಮಾನ್ಯವಾಗಿ ಕುಡುಗೋಲಿನಿಂದ ನೆಲದ ಮಟ್ಟಕ್ಕೆ ಸವರಿ ಬರುತ್ತಾರೆ. ಮರುವರ್ಷ ಒಂದು ಕಾಂಡವಿದ್ದಲ್ಲಿ ಹತ್ತು ಇರುತ್ತವೆ. ಏಕೆಂದರೆ ಅದರ ಬೇರು ಮತ್ತು ಕಾಂಡ ಕೂಡುವ ಗಂಟಿನಲ್ಲಿ ಮಲಗಿರುವ ಮೊಗ್ಗುಗಳು ಕಡಿತದ ನಂತರವೇ ಎಚ್ಚರಗೊಳ್ಳುತ್ತವೆ. ಆ ಗಂಟು ಮಣ್ಣಿನ ಮೇಲ್ಪದರದಲ್ಲೇ ಇರುತ್ತದೆ. ಗಂಟಿನ ಕೆಳಗೆ ಬೇರನ್ನು ಕತ್ತರಿಸಿದರೆ ಗಿಡ ಮತ್ತೆ ಏಳುವುದಿಲ್ಲ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಅವರ ತಂಡ ರೂಪಿಸಿದ ವಿಧಾನದ ಗುಟ್ಟು ಇಷ್ಟೇ. ನೆಲವನ್ನು ಆಳಕ್ಕೆ ಅಗೆಯಬೇಕಿಲ್ಲ, ಔಷಧವೂ ಬೇಕಿಲ್ಲ.

1. ಇಬ್ಬರು ಅಥವಾ ಮೂವರ ಜೋಡಿ ಮಾಡಿಕೊಳ್ಳಿ. ಉದ್ದ ಕೋಲಿನಿಂದ ಪೊದೆಯನ್ನು ಮೆಲ್ಲಗೆ ತಟ್ಟಿ, ಒಂದು ನಿಮಿಷ ಸುಮ್ಮನೆ ನಿಲ್ಲಿ. ಹಾವಿರಲಿ, ಹಕ್ಕಿಯಿರಲಿ, ಸರಿದು ಹೋಗಲು ಸಮಯ ಕೊಡಿ.

2. ಬಗ್ಗಿ ಬುಡ ನೋಡಿ. ಮೊಟ್ಟೆ, ಕೆದಕಿದ ಗುಂಡಿ, ಬಿಲ ಕಂಡರೆ ಆ ಪೊದೆ ಬಿಟ್ಟುಬಿಡಿ.

3. ಒಬ್ಬರು ಕಾಂಡಗಳನ್ನು ಒಟ್ಟುಗೂಡಿಸಿ ಒಂದು ಬದಿಗೆ ಬಾಗಿಸಿ ಹಿಡಿಯಲಿ. ಇನ್ನೊಬ್ಬರು ಬುಡದ ಮಣ್ಣನ್ನು ಗುದ್ದಲಿಯಿಂದ ಮೂರ್ನಾಲ್ಕು ಬೆರಳಿನಷ್ಟು ಸರಿಸಿ, ಗಂಟಿನ ಕೆಳಗೆ ತಾಯಿಬೇರಿಗೆ ಏಟು ಹಾಕಲಿ.

4. ಕಿತ್ತ ಗಿಡವನ್ನು ಬೇರು ಮೇಲಾಗಿ ತಲೆಕೆಳಗೆ ಇಡಿ. ಕಾಂಡ ತೇವದ ಮಣ್ಣಿಗೆ ತಾಗಿದರೆ ಅಲ್ಲೇ ಬೇರು ಬಿಡಬಲ್ಲದು.

5. ಕಾಯಿ ಹಣ್ಣುಗಳಿರುವ ರೆಂಬೆಯನ್ನು ಎಳೆದುಕೊಂಡು ಹೋಗಬೇಡಿ, ದಾರಿಯುದ್ದಕ್ಕೂ ಬಿತ್ತನೆಯಾಗುತ್ತದೆ. ಚೀಲಕ್ಕೆ ಹಾಕಿ.

6. ಅಗೆದ ಮಣ್ಣನ್ನು ಕಾಲಿನಿಂದ ತುಳಿದು ಸಮ ಮಾಡಿ. ಸಡಿಲ ಮಣ್ಣು ಸಿಕ್ಕಿದರೆ ಪಾರ್ಥೇನಿಯಂ ಮೊದಲು ಬಂದು ಕೂರುತ್ತದೆ.

7. ಮುಂದಿನ ಮಳೆಗಾಲ ಮುಗಿದ ಮೇಲೆ ಅದೇ ಜಾಗಕ್ಕೆ ಬನ್ನಿ. ಪಿಕಳಾರದಂಥ ಹಕ್ಕಿಗಳು ಬೀಜ ಉದುರಿಸಿರುತ್ತವೆ. ಅಂಗೈ ಎತ್ತರದ ಸಸಿಗಳನ್ನು ಬೆರಳಿನಲ್ಲೇ ಕೀಳಬಹುದು. ಮೂರು ವರ್ಷ ಹೀಗೆ ಬಾರದಿದ್ದರೆ ಮೊದಲ ದಿನದ ಕೆಲಸ ವ್ಯರ್ಥ.

ಈಗ ಬಹಳ ಮುಖ್ಯವಾದ ಮಾತು. ಲಂಟಾನ ಕೆಟ್ಟ ಗಿಡ ಎಂದು ಒಂದೇ ಸಲಕ್ಕೆ ಇಡೀ ಕಂದಕ ಬೋಳಿಸಬೇಡಿ. ಬೇರೆ ಪೊದೆಯಿಲ್ಲದಲ್ಲಿ ನವಿಲು ಲಂಟಾನದಡಿಯಲ್ಲೇ ಅಡಗುತ್ತದೆ, ಮೊಟ್ಟೆಯನ್ನೂ ಇಡುತ್ತದೆ. ಒಂದು ವರ್ಷಕ್ಕೆ ನಾಲ್ಕರಲ್ಲಿ ಒಂದು ಪಾಲು ಮಾತ್ರ, ಅದೂ ಅಲ್ಲಲ್ಲಿ ತುಣುಕುಗಳಾಗಿ ತೆಗೆಯಿರಿ. ತೆಗೆದ ಕಡೆ ಕವಳಿ, ಬಾರಿಯಂಥ ಊರಿನ ಮುಳ್ಳುಗಿಡ ಮೇಲೇಳುವವರೆಗೆ ಪಕ್ಕದ ಲಂಟಾನ ಉಳಿಯಲಿ. ಇದು ನಿಧಾನದ ದಾರಿ, ಫೋಟೊದಲ್ಲೂ ಚೆನ್ನಾಗಿ ಬರುವುದಿಲ್ಲ. ಆದರೂ ಇದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಿತ್ತ ಕಾಂಡ ಏನು ಮಾಡುವುದು ಎಂದರೆ, ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಅದರಿಂದ ಕುರ್ಚಿ, ಬುಟ್ಟಿ ಹೆಣೆಯುತ್ತಾರೆ. ನಮ್ಮಲ್ಲಿ ಆ ಕೈ ಇನ್ನೂ ಪಳಗಿಲ್ಲ. ಒಣಗಿದ ಮೇಲೆ ಇಲಾಖೆ ಹೇಳಿದ ಕಡೆ ಸಾಗಿಸಿ, ಸ್ಥಳದಲ್ಲಿ ಮಾತ್ರ ಸುಡಬೇಡಿ.

ಕಾಂಗ್ರೆಸ್ ಕಸ

ಐವತ್ತರ ದಶಕದಲ್ಲಿ ಪುಣೆ ಕಡೆ ಮೊದಲು ಗುರುತಿಸಿದ ಪಾರ್ಥೇನಿಯಂ ಇಂದು ನಮ್ಮ ಹೊಲದ ಬದುವನ್ನೂ ಬಿಟ್ಟಿಲ್ಲ. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ, ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ. ಹಾಗಾಗಿ ಇದರಲ್ಲಿ ಒಂದೇ ನಿಯಮ: ಬಿಳಿ ಹೂ ಕಾಣುವ ಮೊದಲು ಕೀಳಬೇಕು. ಹೂ ಬಂದ ಮೇಲೆ ಕಿತ್ತು ರಾಶಿ ಹಾಕುವುದೆಂದರೆ ಬೀಜವನ್ನು ಹೊತ್ತು ಹಂಚಿದಂತೆ. ಮೊದಲ ಹದ ಮಳೆಯಾದ ಮೂರ್ನಾಲ್ಕು ವಾರದೊಳಗೆ ಒಂದು ಸುತ್ತು, ಮತ್ತೆ ತಿಂಗಳ ನಂತರ ಇನ್ನೊಂದು ಸುತ್ತು ಹಾಕಿ.

ಉದ್ದ ತೋಳಿನ ಅಂಗಿ, ಕೈಗವಸು, ಮೂಗಿಗೆ ಬಟ್ಟೆ ಕಡ್ಡಾಯ. ಚರ್ಮದ ತುರಿಕೆ, ಉಬ್ಬಸ ಇರುವವರು ಈ ಕೆಲಸದಿಂದ ದೂರವಿರಲಿ. ಅವರಿಗೆ ಎಣಿಕೆಯ ಪುಸ್ತಕ ಕೊಡಿ. ಹೂ ಬಾರದ ಗಿಡವನ್ನು ಗುಂಡಿಗೆ ಹಾಕಿ ಗೊಬ್ಬರ ಮಾಡಬಹುದು. ಉಪ್ಪುನೀರು ಹೊಡೆಯುವ ರೂಢಿ ಹಲವೆಡೆ ಇದೆ, ಮೀಸಲು ಪ್ರದೇಶದಲ್ಲಿ ಅದೂ ಬೇಡ, ಮಣ್ಣು ಕೆಡುತ್ತದೆ. ಎಲೆಗಳು ಜರಡಿಯಂತೆ ತೂತಾಗಿ, ಕಪ್ಪು ಗೆರೆಯ ಬಿಳಿಚು ಜೀರುಂಡೆಗಳು ಕೂತಿರುವುದು ಕಂಡರೆ ಆ ಗಿಡಗಳನ್ನು ಮುಟ್ಟಬೇಡಿ. ಪಾರ್ಥೇನಿಯಂ ತಿನ್ನಲೆಂದೇ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಕೀಟದ ಸಂತತಿ ಅದು. ನಿಮ್ಮ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಿದೆ.

ಸಸಿ ನೆಡುವ ಹುಮ್ಮಸ್ಸಿಗೆ ಸ್ವಲ್ಪ ತಡೆ

ಶ್ರಮದಾನವೆಂದರೆ ಸಸಿ ನೆಡುವುದು ಎಂದು ನಾವು ತಿಳಿದುಬಿಟ್ಟಿದ್ದೇವೆ. ಬಯಲನ್ನೆಲ್ಲ ಮರ ಮಾಡಿದರೆ ನವಿಲಿಗೆ ಕೆದಕುವ ಜಾಗವೇ ಉಳಿಯದು. ನಮ್ಮ ಹಾವೇರಿ ಜಿಲ್ಲೆಯಲ್ಲೇ ಇದಕ್ಕೆ ಉದಾಹರಣೆ ಇದೆ. 1974ರಲ್ಲಿ ಘೋಷಣೆಯಾದ, 119 ಚದರ ಕಿಲೋಮೀಟರಿನ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದಲ್ಲಿ ಹುಲ್ಲುಗಾವಲಿನ ದೊಡ್ಡ ಭಾಗ ನೀಲಗಿರಿ ನೆಡುತೋಪಾಯಿತು. ಒಂದು ಕಾಲದಲ್ಲಿ ಅಲ್ಲಿ ಕಾಣುತ್ತಿದ್ದ, ಬಯಲನ್ನೇ ನಂಬಿದ ಎರೆಭೂತ ಹಕ್ಕಿ ಈಗಿಲ್ಲ. ಬೇಟೆ ಮೊದಲಾದ ಕಾರಣಗಳೂ ಇದ್ದವು ನಿಜ, ಆದರೆ ಹುಲ್ಲುಗಾವಲನ್ನು ಪಾಳು ಎಂದು ನೋಡುವ ಕಣ್ಣೂ ಒಂದು ಕಾರಣ. ಅರಣ್ಯ ಇಲಾಖೆ ಕೇಳಿದ ಕಡೆ, ಕೇಳಿದ ಜಾತಿಯನ್ನು ಮಾತ್ರ ನೆಡಿ. ಎರಡು ಬೇಸಿಗೆ ನೀರು ಹಾಕಲು ಆಗದ ಸಸಿ ನೆಡಬೇಡಿ.

ನೀರು, ಕಾಳು, ನಾಯಿ

ಬೇಸಿಗೆಯಲ್ಲಿ ನೀರಿನ ತೊಟ್ಟಿ ಇಡುವುದು ಸುಲಭವಾಗಿ ಕಾಣುವ ಕೆಲಸ. ತಪ್ಪಾದರೆ ರೋಗ ಹರಡುವ ಕೆಲಸವೂ ಹೌದು, ಏಕೆಂದರೆ ಹತ್ತಾರು ಹಕ್ಕಿಗಳ ಕೊಕ್ಕು, ಹಿಕ್ಕೆ ಒಂದೇ ನೀರಿಗೆ ಸೇರುತ್ತದೆ.

1. ಒರಟು ಮೈಯ ಸಿಮೆಂಟಿನ ಆಳವಿಲ್ಲದ ತೊಟ್ಟಿ ಸಾಕು. ಒಂದು ಬದಿ ಇಳಿಜಾರಾಗಿರಲಿ, ನಡುವೆ ಎರಡು ಕಲ್ಲು ಇಡಿ. ಇಲ್ಲದಿದ್ದರೆ ಮರಿ, ಅಳಿಲು, ಓತಿಕ್ಯಾತ ಬಿದ್ದು ಸಾಯುತ್ತವೆ.

2. ಪೊದೆಗೆ ಅಂಟಿಸಿ ಇಡಬೇಡಿ, ಬೆಕ್ಕು ನಾಯಿ ಹೊಂಚು ಹಾಕುತ್ತವೆ. ಹತ್ತು ಹೆಜ್ಜೆ ದೂರ, ಸುತ್ತ ಕಾಣುವಂತೆ, ನೆರಳಿನಲ್ಲಿ ಇಡಿ.

3. ಎರಡು ಮೂರು ದಿನಕ್ಕೊಮ್ಮೆ ನೀರು ಚೆಲ್ಲಿ, ತೆಂಗಿನ ನಾರಿನಿಂದ ಉಜ್ಜಿ, ಹೊಸ ನೀರು ತುಂಬಿ. ಸೋಪು ಬೇಡ.

4. ಫೆಬ್ರವರಿಯಲ್ಲಿ ಶುರು ಮಾಡಿದರೆ ಮಳೆ ಬರುವವರೆಗೆ ಬಿಡಬೇಡಿ. ಪಾಳಿ ಹಚ್ಚಿಕೊಂಡೇ ಆರಂಭಿಸಿ. ಹಕ್ಕಿಗಳು ನೀರಿನ ಜಾಗವನ್ನು ನಂಬಿ ಬರುತ್ತವೆ, ಏಪ್ರಿಲ್‌ನಲ್ಲಿ ಒಣ ತೊಟ್ಟಿ ತೋರಿಸುವುದು ದ್ರೋಹ.

ಕಾಳು ಹಾಕುವುದು ಬೇಡವೇ ಬೇಡ. ಹುಳು, ಗೆದ್ದಲು, ಹಲ್ಲಿ, ಹಾವಿನ ಮರಿ, ಹುಲ್ಲಿನ ಬೀಜ ತಿಂದು ಬದುಕುವ ಹಕ್ಕಿ ಮನುಷ್ಯರ ಕೈ ನೋಡಲು ಕಲಿತರೆ ಊರೊಳಗೆ ಬರುತ್ತದೆ. ಊರೊಳಗೆ ನಾಯಿ ಇದೆ. ನಾಯಿಯ ಮಾತು ಬಂತೆಂದರೆ, ಬೀದಿನಾಯಿಗಳನ್ನು ಕೋಟೆಯೊಳಗೆ ಎಳೆಯುವುದು ನಮ್ಮದೇ ಬುತ್ತಿ. ಉಂಡು ಬಿಟ್ಟ ರೊಟ್ಟಿ, ಚಿತ್ರಾನ್ನ ‘ಮಣ್ಣಿಗೆ ಸೇರುತ್ತದೆ’ ಎಂದು ಎಸೆದು ಬರುತ್ತೇವೆ. ಆ ವಾಸನೆಗೆ ಬಂದ ನಾಯಿಗೆ ನಾಳೆ ಮೊಟ್ಟೆಯ ದಾರಿ ಗೊತ್ತಾಗುತ್ತದೆ. ಊಟ ಗೇಟಿನ ಹೊರಗೆ ಮಾಡಿ, ಉಳಿದದ್ದನ್ನು ಡಬ್ಬಿಯಲ್ಲೇ ಮನೆಗೆ ಒಯ್ಯಿರಿ.

ಬೇಲಿಯಾಚೆಯ ಕೆಲಸ

ನವಿಲು ಗಡಿ ನೋಡುವುದಿಲ್ಲ. ಬಿತ್ತನೆ ಕಾಲದಲ್ಲಿ ಗೋವಿನಜೋಳ, ಶೇಂಗಾ ಹೊಲಕ್ಕೆ ಇಳಿದು ಬೀಜ ಕೆದಕುತ್ತದೆ. ರೈತರಿಗೆ ಸಿಟ್ಟು ಬರುವುದು ಸಹಜ. ವಿಷದ ಲೇಪವಿರುವ ಬೀಜ ತಿಂದು ನವಿಲು ಸಾಯುವುದೂ ಇದೇ ಹೊತ್ತಿನಲ್ಲಿ. ಇಲ್ಲಿ ಸ್ವಯಂಸೇವಕರು ಮಾಡಬಹುದಾದದ್ದು ಉಪದೇಶವಲ್ಲ. ಹೊಲದ ಬದುವಿನಲ್ಲಿ, ಕೂರಿಗೆ ತಿರುಗಿಸುವ ಕಡೆ ಚೆಲ್ಲಿದ ಬೀಜ ಮುಚ್ಚಲು, ಖಾಲಿ ಬೀಜದ ಚೀಲ ಆಯಲು ಕೈ ಜೋಡಿಸಿ. ಮೊಳಕೆ ಮೇಲೆ ಬರುವ ಆ ಒಂದು ವಾರ ಬೆಳಗ್ಗೆ ಸಂಜೆ ಹೊಲ ಕಾಯಲು ಇಬ್ಬರು ಹುಡುಗರನ್ನು ಕಳಿಸಿದರೂ ರೈತರು ನಿಮ್ಮ ಮಾತು ಕೇಳುತ್ತಾರೆ. ಬ್ಯಾನರ್ ಹಿಡಿದು ಹೋದರೆ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಎಣಿಕೆ: ಎಲ್ಲರೂ ಮಾಡಬಹುದು, ಹೆಚ್ಚಿನವರು ತಪ್ಪು ಮಾಡುತ್ತಾರೆ

‘ಎಷ್ಟು ನವಿಲಿವೆ?’ ಎಂಬ ಪ್ರಶ್ನೆಗೆ ಒಂದು ದಿನದ ಲೆಕ್ಕ ಉತ್ತರವಲ್ಲ. ಹೆಚ್ಚುತ್ತಿವೆಯೋ ಕಡಿಮೆಯಾಗುತ್ತಿವೆಯೋ ಎಂಬುದಷ್ಟೇ ನಮಗೆ ಬೇಕು. ಅದಕ್ಕೆ ಪ್ರತಿ ತಿಂಗಳು ಅದೇ ದಾರಿ, ಅದೇ ಹೊತ್ತು, ಅಷ್ಟೇ ಜನ ಇರಬೇಕು. ಸೂರ್ಯೋದಯದ ನಂತರದ ಒಂದು ತಾಸು ಒಳ್ಳೆಯದು. ಮರದಿಂದ ಇಳಿದ ಹಕ್ಕಿಗಳು ಬಯಲಿಗೆ ಬಂದಿರುತ್ತವೆ. ಇಬ್ಬರು ಹೋಗಿ, ಒಬ್ಬರು ನೋಡಲಿ, ಒಬ್ಬರು ಬರೆಯಲಿ. ತಾರೀಖು, ವೇಳೆ, ಮೋಡ ಬಿಸಿಲು, ಗಂಡು, ಹೆಣ್ಣು, ಮರಿ ಇವಿಷ್ಟು ಕಾಲಂ ಸಾಕು.

ಹೊಸಬರು ಎಡವುವ ಜಾಗ ಒಂದಿದೆ. ಮಳೆಗಾಲದ ಕೊನೆಗೆ ಗಂಡು ನವಿಲು ಉದ್ದ ಗರಿಗಳನ್ನೆಲ್ಲ ಉದುರಿಸಿ ಮೋಟಾಗುತ್ತದೆ. ಗರಿ ಇಲ್ಲದ್ದೆಲ್ಲ ಹೆಣ್ಣು ಎಂದು ಬರೆದರೆ ಅಕ್ಟೋಬರ್‌ನಲ್ಲಿ ಗಂಡುಗಳೇ ಮಾಯವಾದಂತೆ ಕಾಣುತ್ತದೆ. ಕತ್ತು ನೋಡಿ: ಬೆಳೆದ ಗಂಡಿಗೆ ಕಡುನೀಲಿ, ಹೆಣ್ಣಿಗೆ ಹಸಿರು ಹೊಳಪು ಮತ್ತು ಕಂದು ಮೈ. ಕಾವು ಕೂತ ಹೆಣ್ಣು ಕಣ್ಣಿಗೆ ಬೀಳುವುದಿಲ್ಲ. ಜುಲೈನಲ್ಲಿ ಹೆಣ್ಣು ಕಡಿಮೆ ಕಂಡಿತೆಂದು ಗಾಬರಿ ಬೇಡ, ಹುಡುಕಿಕೊಂಡು ಪೊದೆಗೆ ನುಗ್ಗುವುದೂ ಬೇಡ.

ಉದುರಿದ ಗರಿ ಸಿಕ್ಕರೆ ಅಲ್ಲೇ ಬಿಡಿ. ಆದರೆ ಗರಿಗಳ ಕಟ್ಟೇ ಸಿಕ್ಕಿದರೆ ಬುಡ ನೋಡಿ. ತಾನಾಗಿ ಉದುರಿದ ಗರಿಯ ಬುಡ ಒಣಗಿ ಶುಚಿಯಾಗಿರುತ್ತದೆ, ಕಿತ್ತ ಗರಿಯಲ್ಲಿ ರಕ್ತ, ಮಾಂಸದ ಗುರುತಿರುತ್ತದೆ. ಹಾಗಿದ್ದರೆ ಮುಟ್ಟದೆ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. 1963ರಿಂದ ರಾಷ್ಟ್ರಪಕ್ಷಿಯಾಗಿರುವ ನವಿಲು ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಕೊಲ್ಲುವುದು, ಮೊಟ್ಟೆ ಒಯ್ಯುವುದು ಗಂಭೀರ ಅಪರಾಧ.

ಪದೇ ಪದೇ ಆಗುವ ತಪ್ಪುಗಳು

• ‘ಅನಾಥ’ ಮರಿಯನ್ನು ಎತ್ತಿ ತರುವುದು. ತಾಯಿ ನಿಮ್ಮನ್ನು ಕಂಡೇ ಅಡಗಿರುತ್ತದೆ. ಹಿಂದೆ ಸರಿದರೆ ಬರುತ್ತದೆ.

• ಸಿಕ್ಕಿದ ಮೊಟ್ಟೆಯನ್ನು ಮನೆಯ ಕೋಳಿಯ ಕೆಳಗಿಟ್ಟು ಮರಿ ಮಾಡಿಸುವ ಪ್ರಯೋಗ. ಅದು ಕಾನೂನಿಗೂ ವಿರುದ್ಧ, ಆ ಮರಿ ಕಾಡಿಗೂ ಸಲ್ಲುವುದಿಲ್ಲ.

• ಮೊಟ್ಟೆಯ ಫೋಟೊ ತೆಗೆದು ಜಾಗದ ಸಮೇತ ವಾಟ್ಸ್‌ಆ್ಯಪ್‌ಗೆ ಹಾಕುವುದು.

• ಗಾಯಗೊಂಡ ನವಿಲಿನ ಬಾಯಿಗೆ ನೀರು ಸುರಿಯುವುದು. ಬಟ್ಟೆ ಹೊದಿಸಿ, ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ ಕತ್ತಲಲ್ಲಿಟ್ಟು 1926ಕ್ಕೆ ತಿಳಿಸಿ.

• ಧ್ವನಿವರ್ಧಕ ಹಚ್ಚಿ ಉದ್ಘಾಟನೆ ಮಾಡುವುದು. ಭಾಷಣ ಊರಲ್ಲಾಗಲಿ.

ನಿಮ್ಮ ಜೀವದ ಎಚ್ಚರ

ಕೊಳಕುಮಂಡಲ, ನಾಗರ, ಕಟ್ಟಿಗೆ ಹಾವು ನಮ್ಮ ಕುರುಚಲಿನ ನಿವಾಸಿಗಳು. ಪಾದ ಮುಚ್ಚುವ ಬೂಟು ಇಲ್ಲದವರನ್ನು ಪೊದೆಯ ಹತ್ತಿರ ಬಿಡಬೇಡಿ. ಕೈಯನ್ನು ಕಲ್ಲಿನ ಸಂದಿಗೆ, ಎಲೆರಾಶಿಗೆ ಹಾಕಬೇಡಿ. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಔಷಧಕ್ಕೆ ಓಡುವುದು ಬೇಡ; ಕಚ್ಚಿದ ಅಂಗ ಅಲುಗದಂತೆ ಇಟ್ಟು 108ಕ್ಕೆ ಕರೆದು, ಪ್ರತಿವಿಷ ಇರುವ ಆಸ್ಪತ್ರೆಗೆ ಒಯ್ಯಿರಿ. ಯಾವ ಆಸ್ಪತ್ರೆಯಲ್ಲಿ ದಾಸ್ತಾನು ಇದೆ ಎಂದು ಹೋಗುವ ಮುನ್ನಾದಿನವೇ ಕೇಳಿಕೊಂಡಿರಿ. ಹಳೆಯ ಗೋಡೆ, ದೊಡ್ಡ ಮರಗಳಲ್ಲಿ ಹೆಜ್ಜೇನು ಕಟ್ಟುತ್ತದೆ. ಅತ್ತರು, ಹೊಗೆ, ಗದ್ದಲ ಅದಕ್ಕೆ ಆಗದು. ಫೆಬ್ರವರಿಯ ನಂತರ ಒಣ ಹುಲ್ಲಿನಲ್ಲಿ ಬೀಡಿಯ ಒಂದು ಕಿಡಿ ಸಾಕು. ಬೆಂಕಿ ಕಂಡರೆ ವೀರತನ ತೋರಿಸದೆ ಗಾರ್ಡ್‌ಗೆ ಮತ್ತು 112ಕ್ಕೆ ತಿಳಿಸಿ. ನಂದಿಸುವುದು ತರಬೇತಿಯಾದವರ ಕೆಲಸ.

ಬಂಕಾಪುರ ದೂರವಾದರೆ

ಹಿರೇಕೆರೂರಿನವರು ಇಷ್ಟು ದೂರ ಬರಬೇಕಿಲ್ಲ. ಊರಿನ ದುರ್ಗಾದೇವಿ ಕೆರೆ, ಮಾಸೂರಿನ ಹತ್ತಿರದ ಮದಗದ ಕೆರೆ ಇವೆ. ಹಾನಗಲ್ಲಿನವರಿಗೆ ಆನಿಕೆರೆ ಇದೆ. ಕೆರೆಯಲ್ಲಿ ಎರಡು ವಿಷಯ ನೆನಪಿಡಿ. ನೀರಿನ ಮೇಲೆ ಹಬ್ಬಿದ ಅಂತರಗಂಗೆ ತೆಗೆದರೆ ದಂಡೆಯಲ್ಲೇ ಬಿಡದೆ, ಮಳೆನೀರು ಮತ್ತೆ ಕೆರೆಗೆ ತಳ್ಳದಷ್ಟು ಮೇಲಕ್ಕೆ ಹಾಕಿ. ಅಂಚಿನ ಜೊಂಡನ್ನು ಪೂರ್ತಿ ಕಡಿಯಬೇಡಿ. ನೀರುಕೋಳಿ, ಗುಳುಮುಳುಕಗಳ ಸಂಸಾರ ಅದರಲ್ಲಿ. ಬಿಟ್ಟುಹೋದ ನೈಲಾನ್ ಬಲೆಯ ತುಂಡುಗಳನ್ನು ಆಯುವುದು ಹೂಳು ತೆಗೆಯುವುದರಷ್ಟೇ ದೊಡ್ಡ ಸೇವೆ. ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅದೂ ಸಂರಕ್ಷಣಾ ಮೀಸಲು, 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ನವೆಂಬರ್‌ನಿಂದ ಮಾರ್ಚ್‌ವರೆಗೆ ಯಾವ ಕೆರೆಯಲ್ಲೂ ಗದ್ದಲದ ಶ್ರಮದಾನ ಇಟ್ಟುಕೊಳ್ಳದಿರುವುದು ಒಳ್ಳೆಯದು.

ಸವಣೂರಿನವರ ಪಾಲಿಗೆ ಕಲ್ಮಠದ ದೊಡ್ಡ ಹುಣಸೆ (ಬಾವೊಬಾಬ್) ಮರಗಳಿವೆ. ಆಫ್ರಿಕಾ ಮೂಲದ ಆ ದೈತ್ಯರ ಸುತ್ತ ಸಿಮೆಂಟಿನ ಕಟ್ಟೆ ಬೇಡ, ವಾಹನ ನಿಲ್ಲಿಸುವುದು ಬೇಡ. ಉಣ್ಣುವ ಬೇರುಗಳು ನೆಲದ ಮೇಲ್ಪದರದಲ್ಲೇ ಇರುತ್ತವೆ, ಮಣ್ಣು ಗಾರೆಯಂತೆ ಗಟ್ಟಿಯಾದರೆ ಉಸಿರು ಕಟ್ಟುತ್ತದೆ. ಕಾಂಡದ ಮೇಲೆ ಹೆಸರು ಕೆತ್ತುವವರನ್ನು ತಡೆಯಲು ಭಾನುವಾರ ಇಬ್ಬರು ನಿಂತರೂ ಅದು ಸಂರಕ್ಷಣೆಯೇ.

ಪ್ರತಿ ಗ್ರಾಮ ಪಂಚಾಯಿತಿ, ಪುರಸಭೆಯಲ್ಲಿ 2002ರ ಜೀವವೈವಿಧ್ಯ ಕಾಯ್ದೆಯಡಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮ ಊರಿನ ಸಮಿತಿಯ ಸದಸ್ಯರು ಯಾರು, ಜನತಾ ಜೀವವೈವಿಧ್ಯ ದಾಖಲಾತಿ ಎಲ್ಲಿದೆ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು ಕೇಳಿ. ಈ ವರ್ಷದ ಜೂನ್ 5ಕ್ಕೆ ಬ್ಯಾನರ್ ಬರೆಸುವ ದುಡ್ಡಿನಲ್ಲಿ ಎಂಟು ಜೊತೆ ಕೈಗವಸು, ಎರಡು ಗುದ್ದಲಿ, ಒಂದು ದಪ್ಪ ನೋಟುಪುಸ್ತಕ ಕೊಂಡಿಡಿ. ಆ ದಿನ ಗೇಟಿನ ಹೊರಗೆ ಪಾರ್ಥೇನಿಯಂ ಕಿತ್ತು, ದೀಪಾವಳಿಯ ನಂತರದ ಮೊದಲ ಭಾನುವಾರಕ್ಕೆ ಅರ್ಜಿ ಬರೆದು ಬನ್ನಿ.